ಮಳೆ ಬೀಳುವುದು ಬೇರೆಡೆ

ಜೂನ್ ಕಳೆಯಿತೆಂದರೆ ಪುಣೆಯ ಧನಕವಡಿಯ ನಮ್ಮ ಮನೆಗೆ ಧಾರವಾಡ, ಹುಬ್ಬಳ್ಳಿ ಕಡೆಯ ನೆಂಟರ ಫೋನು ಶುರುವಾಗುತ್ತದೆ. ಸಿಂಹಗಡ ಹತ್ತಬೇಕು, ಅಲ್ಲಿ ಪಿಠ್ಲಾ–ಭಾಕ್ರಿ ತಿನ್ನಬೇಕು, ಸಾಧ್ಯವಾದರೆ ಲೋಣಾವಳಾದಲ್ಲಿ ಯಾವುದಾದರೊಂದು ಜಲಪಾತಕ್ಕೆ ತಲೆಯೊಡ್ಡಬೇಕು. ಎಲ್ಲರದೂ ಒಂದೇ ಪ್ರಶ್ನೆ: “ಅಲ್ಲಿ ಮಳಿ ಐತೇನು?” ಈ ಪ್ರಶ್ನೆಗೆ ನಾನು ಈಗ ಕಿಟಕಿಯ ಆಚೆ ನೋಡಿ ಉತ್ತರ ಕೊಡುವುದಿಲ್ಲ.

ಪುಣೆ ನಗರದ ಮೇಲೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬೀಳುತ್ತದೆ. ಎರಡು ಗಂಟೆ ದಾರಿಯ ಲೋಣಾವಳಾದಲ್ಲಿ ಅದರ ಐದಾರು ಪಟ್ಟು. ಇಲ್ಲಿ ಛತ್ರಿಯೂ ಬೇಡವೆನ್ನುವಂಥ ಬೆಳಿಗ್ಗೆ ಸಹ್ಯಾದ್ರಿಯ ನೆತ್ತಿಯಲ್ಲಿ ಆಕಾಶ ಕಿತ್ತುಕೊಂಡು ಬೀಳುತ್ತಿರಬಹುದು. ಹವಾಮಾನ ಇಲಾಖೆ ಪುಣೆ ಶಹರಕ್ಕೆ ಒಂದು, ಘಾಟ್‌ಮಾಥಾಕ್ಕೆ, ಅಂದರೆ ಘಟ್ಟದ ನೆತ್ತಿಗೆ, ಇನ್ನೊಂದು ಎಂದು ಎಚ್ಚರಿಕೆಯನ್ನು ಬೇರೆಬೇರೆಯಾಗಿ ಕೊಡುವುದೇ ಅದಕ್ಕೆ. ಊರಿಗೆ ಹಳದಿ ಇದ್ದ ದಿನ ಘಾಟಿಗೆ ಕೆಂಪು ಇರಬಹುದು. ನಾನು ನೋಡುವುದು ಎರಡನೆಯದನ್ನು.

2024ರ ಜೂನ್ 30, ಭಾನುವಾರ. ಭೂಶಿ ಅಣೆಕಟ್ಟಿನ ಹಿಂಬದಿಯ ಜಲಪಾತಕ್ಕೆ ಇಳಿದಿದ್ದ ಪುಣೆಯ ಒಂದು ಕುಟುಂಬದ ಐವರು ನೀರುಪಾಲಾದರು. ಒಬ್ಬ ಹೆಣ್ಣುಮಗಳು, ಉಳಿದವರೆಲ್ಲ ಮಕ್ಕಳು. ಹರಿವಿನ ನಟ್ಟನಡುವೆ ಒಬ್ಬರನ್ನೊಬ್ಬರು ತಬ್ಬಿ ನಿಂತ ಅವರ ವಿಡಿಯೊವನ್ನು ಇಡೀ ದೇಶ ನೋಡಿತು. ಅದನ್ನು ನೋಡಿ ಬಹಳ ಜನ ಅವರನ್ನು ಬೈದದ್ದು ಕೇಳಿದ್ದೇನೆ. ನನಗೆ ಬೈಯಬೇಕೆನ್ನಿಸಲಿಲ್ಲ, ಇಲ್ಲಿ ನೀರು ಏರುವ ಬಗೆಯೇ ಹಾಗೆ. ಇಲ್ಲಿನ ಗುಡ್ಡಗಳದು ಕಪ್ಪು ಬಸಾಲ್ಟ್ ಕಲ್ಲು, ಮೇಲೆ ತೆಳ್ಳನೆಯ ಮಣ್ಣು. ಅದು ಒಮ್ಮೆ ನೆನೆದು ತಣಿಯಿತೆಂದರೆ ಮುಂದೆ ಬಿದ್ದ ಮಳೆಯನ್ನು ಹೀರಿಕೊಳ್ಳುವುದಿಲ್ಲ, ನೇರ ಹಳ್ಳಕ್ಕೆ ಬಿಡುತ್ತದೆ. ಹಳ್ಳಗಳೂ ಉದ್ದವಿಲ್ಲ, ಕಡಿದಾದವು. ನಾವು ನಿಂತಲ್ಲಿ ಹನಿಯೂ ಬೀಳದೆ ನಿಮಿಷಗಳಲ್ಲಿ ನೀರು ಏರುತ್ತದೆ. ರಭಸವಿದ್ದರೆ ಮೊಣಕಾಲುದ್ದದ ನೀರು ಗಟ್ಟಿಮುಟ್ಟಾದ ಗಂಡಸನ್ನೂ ಕೆಡವುತ್ತದೆ.

ಹಾಗಾಗಿ ನೀರಿಗೆ ಕಾಲಿಡುವ ಮೊದಲು ನಾನು ಮೇಲೆ ನೋಡುತ್ತೇನೆ. ನೆತ್ತಿ ಮೋಡದಲ್ಲಿ ಮುಳುಗಿದ್ದರೆ ದಡದಲ್ಲೇ ಕೂತು ಭಜಿ ತಿನ್ನೋಣ ಎನ್ನುತ್ತೇನೆ. ತಿಳಿನೀರು ಕೆಂಪಾಯಿತೇ, ಕಸಕಡ್ಡಿ, ಎಲೆ ತೇಲಿ ಬಂದವೇ, ಸದ್ದು ಬದಲಾಯಿತೇ, ಮಾತಿಲ್ಲದೆ ಮೇಲೇಳಬೇಕು. ಹಳ್ಳ ದಾಟಿದ ಮೇಲೆಯೇ ಜಾಗ ಚೆಂದ ಎನ್ನುವಂತಿದ್ದರೆ ಆ ಜಾಗ ನಮಗೆ ಬೇಡ. ವಾಪಸಾಗಲು ಮತ್ತೆ ಅದೇ ಹಳ್ಳ ದಾಟಬೇಕಲ್ಲ.

ಕಾತ್ರಜ್–ಸಿಂಹಗಡ ಚಾರಣದ ಕಥೆ ಬೇರೆ. ನಮ್ಮ ಮನೆಯಿಂದ ಆಟೋದಲ್ಲಿ ಹೋದರೆ ಹಳೇ ಕಾತ್ರಜ್ ಬೋಗದೆ. ಅಲ್ಲಿ ವಾಘಜಾಯಿ ಗುಡಿಯ ಬಳಿ ಹತ್ತಲು ಶುರು. ಹದಿಮೂರು ಗುಡ್ಡಗಳ ಸಾಲು ಎನ್ನುತ್ತಾರೆ. ಬೆಳದಿಂಗಳಲ್ಲಿ ಹೋಗುವವರೇ ಹೆಚ್ಚು. ಬೇಸಿಗೆಯಲ್ಲಿ ದಾರಿಯುದ್ದಕ್ಕೂ ಕುಡಿಯಲು ನೀರಿಲ್ಲ, ಕಾಲಡಿ ಸಡಿಲ ಮುರುಮು. ಹತ್ತುವಾಗ ಏದುಸಿರು ಬಂದರೂ ಬೀಳುವುದು ಇಳಿಯುವಾಗಲೇ, ಮೊಣಕಾಲು ಸೋತ ಮೇಲೆ. “ಏ ಅಳಿಯಾ, ನಾ ದಿನಾ ನೃಪತುಂಗ ಬೆಟ್ಟ ಹತ್ತಾಂವ, ಈ ಗುಡ್ಡ ಏನ್ ಮಹಾ?” ಎಂದ ಹುಬ್ಬಳ್ಳಿಯ ನನ್ನ ಮಾವ ನಾಲ್ಕನೆಯ ಇಳಿಜಾರಿನಲ್ಲಿ ನನ್ನ ಭುಜ ಹಿಡಿದು ಮೌನವಾಗಿದ್ದರು. ಅಂದಿನಿಂದ ಎಲ್ಲರಿಗಿಂತ ನಿಧಾನದವರನ್ನೇ ಮುಂದೆ ಬಿಡುವ ಪದ್ಧತಿ. ಎಷ್ಟು ಗಂಟೆಗೆ ಎಲ್ಲಿದ್ದರೂ ತಿರುಗಿಬಿಡಬೇಕು ಎಂಬುದನ್ನು ಹೊರಡುವ ಮೊದಲೇ, ಚಹಾ ಕುಡಿಯುತ್ತ ತೀರ್ಮಾನಿಸುತ್ತೇವೆ. ಗುಡ್ಡದ ಮೇಲೆ ಆ ಚರ್ಚೆಗೆ ಇಳಿದರೆ ಯಾವಾಗಲೂ ಹುರುಪೇ ಗೆಲ್ಲುತ್ತದೆ.

ಜನಜಂಗುಳಿಯನ್ನೂ ಅಪಾಯವೆಂದೇ ಲೆಕ್ಕ ಹಿಡಿಯಬೇಕೆಂದು ಮನದಟ್ಟಾಗಿದ್ದು 2025ರ ಜೂನ್ 15ರಂದು. ತಳೇಗಾಂವ್ ಬಳಿಯ ಕುಂಡಮಳಾದಲ್ಲಿ ಇಂದ್ರಾಯಣಿಯ ಮೇಲಿದ್ದ ಹಳೆಯ ಕಬ್ಬಿಣದ ಸೇತುವೆ ಪ್ರವಾಸಿಗರ ಭಾರಕ್ಕೆ ಕುಸಿದು ನಾಲ್ವರು ಸತ್ತರು. ದುರಂತವಾದ ಮೇಲೆ ನಿಷೇಧಾಜ್ಞೆ ಹೊರಡಿಸುವುದು ಸುಲಭ. ಆದರೆ ಒಂದು ಜಲಪಾತ ಮುಚ್ಚಿದರೆ ಕಾರುಗಳು ಹೆಸರಿಲ್ಲದ, ಕಾವಲಿಲ್ಲದ ಇನ್ನೊಂದಕ್ಕೆ ತಿರುಗುತ್ತವೆ. ಈ ವಿಷಯದಲ್ಲಿ ನಮ್ಮ ಕರ್ನಾಟಕದ ದಾರಿಯೇ ನನಗೆ ಮೆಚ್ಚು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಇರುವೆಸಾಲಿನಂತೆ ಕಂಡ ಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ಆಮೇಲೆ ಆನ್‌ಲೈನ್ ಬುಕಿಂಗಿನಲ್ಲಿ ಸಂಖ್ಯೆಗೆ ಮಿತಿ ಹಾಕಿತು. ಮುಳ್ಳಯ್ಯನಗಿರಿ ಕಡೆ 2025ರಿಂದ ವಾಹನಗಳಿಗೂ ದಿನದ ಲೆಕ್ಕವಿದೆ. ಸಿಂಹಗಡದ ಭಾನುವಾರದ ಘಾಟಿ ರಸ್ತೆ ನೋಡಿದವರಿಗೆ ಇದರ ಬೆಲೆ ಗೊತ್ತು.

ಚಾರಣ ಏರ್ಪಡಿಸುವವರ ಜೊತೆ ಹೋಗುವವರಿಗೆ ಒಂದು ಮಾತು. ಮಹಾರಾಷ್ಟ್ರದ 2021ರ ಸಾಹಸ ಪ್ರವಾಸೋದ್ಯಮ ನೀತಿಯ ಪ್ರಕಾರ ಅವರು ನೋಂದಾಯಿಸಿಕೊಳ್ಳಬೇಕು. ನೋಂದಣಿ ಇದೆಯೇ, ಎಷ್ಟು ಜನಕ್ಕೆ ಒಬ್ಬ ಮುಂದಾಳು, ಮಳೆ ಹೆಚ್ಚಾದರೆ ಹಣ ವಾಪಸ್ಸೇ ಎಂದು ಕೇಳಿ. ಕೊನೆಯ ಪ್ರಶ್ನೆಗೆ ತಡವರಿಸುವವರು ಕೆಟ್ಟ ಹವೆಯಲ್ಲೂ ಹೊರಡಿಸುತ್ತಾರೆ.

ಕೈಮೀರಿದಾಗ ಹಗ್ಗ ಹಿಡಿದು ಬರುವವರು ಬಹುತೇಕ ಲೋಣಾವಳಾದ ಶಿವದುರ್ಗ ಮಿತ್ರದಂಥ ಸ್ವಯಂಸೇವಕರು. ಅವರಿಗೆ ಬೇಕಾದ ಮೊದಲ ಸಂಗತಿ, ನಾವು ಎಲ್ಲಿದ್ದೇವೆ ಎನ್ನುವುದು. ಕತ್ತಲಲ್ಲಿ ಕಾತ್ರಜ್ ಸಾಲಿನ ಗುಡ್ಡಗಳೆಲ್ಲ ಒಂದೇ ಥರ. ಆದ್ದರಿಂದ ಕಾತ್ರಜ್‌ನಿಂದ ಇದು ಎಷ್ಟನೆಯದು ಎಂದು ಎಣಿಸುತ್ತ ಹೋಗುವ ಕೆಲಸವನ್ನು ಗುಂಪಿನ ಅತಿ ಚಿಕ್ಕವರಿಗೆ ಒಪ್ಪಿಸಿ, ಪ್ರತಿ ಗುಡ್ಡಕ್ಕೂ ಮನೆಗೊಂದು ಮೆಸೇಜು ಹಾಕಿಸುತ್ತೇನೆ. ಎಣಿಕೆಯಲ್ಲಿ ತಪ್ಪುವವರು ಹೆಚ್ಚಾಗಿ ದೊಡ್ಡವರೇ.