ನಲವತ್ತರ ನಂತರ ಶುರು ಮಾಡಿದ ವಾಕಿಂಗ್ ನಿಲ್ಲದಿರಲು…

ಶುಗರ್ ‘ಬಾರ್ಡರ್’ನಲ್ಲಿದೆ ಎಂದು ರಿಪೋರ್ಟ್ ಬಂದ ವಾರವೇ ಹೊಸ ಶೂ ಮನೆಗೆ ಬರುತ್ತದೆ, ಸಕ್ಕರೆ ಡಬ್ಬಿ ಅಟ್ಟ ಸೇರುತ್ತದೆ, ಬೆಳಗಿನ ಐದೂವರೆಗೆ ಅಲಾರಂ ಹೊಡೆಯುತ್ತದೆ. ತಿಂಗಳು ತುಂಬುವಷ್ಟರಲ್ಲಿ ಶೂ ಮೂಲೆ ಸೇರಿ, ಸಕ್ಕರೆ ಡಬ್ಬಿ ಕೆಳಗಿಳಿದಿರುತ್ತದೆ. ನಲವತ್ತು ದಾಟಿದ ಅನೇಕರ ಮನೆಯ ಕಥೆ ಇದು. ಸೋಮಾರಿತನ ಎಂದು ನಮ್ಮನ್ನು ನಾವೇ ಹಳಿದುಕೊಳ್ಳುವ ಮೊದಲು ಒಂದು ಮಾತು ತಿಳಿದಿರಲಿ: ಹೆದರಿಕೆಗೆ ನಮ್ಮನ್ನು ಹಾಸಿಗೆಯಿಂದ ಎಬ್ಬಿಸುವ ಶಕ್ತಿಯಿದೆ, ವರ್ಷಗಟ್ಟಲೆ ನಡೆಸುವ ಶಕ್ತಿಯಿಲ್ಲ.

ಪ್ರೇರಣೆ ಬಾಳಿಕೆ ಬರುವುದು ಹೇಗೆಂದು ದಶಕಗಳ ಕಾಲ ಅಧ್ಯಯನ ಮಾಡಿದವರು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್. ಇದು ನನ್ನದೇ ನಿರ್ಧಾರ, ಇದು ನನ್ನಿಂದ ಆಗುತ್ತದೆ, ನನ್ನ ಜೊತೆಗೆ ನನ್ನವರಿದ್ದಾರೆ ಎಂಬ ಮೂರು ಭಾವನೆಗಳು ಅದಕ್ಕೆ ಆಧಾರ ಎಂದು ಅವರು ಹೇಳುತ್ತಾರೆ. ಈ ಮೂರನ್ನೂ ಬೆಳೆಸಿಕೊಳ್ಳುವ ಹೆಜ್ಜೆಗಳು ಇಲ್ಲಿವೆ.

1. ಕಾರಣ ನಿಮ್ಮದೇ ಆಗಿರಲಿ

‘ಡಾಕ್ಟರ್ ಹೇಳಿದರು’, ‘ಮಗಳು ಬೈಯುತ್ತಾಳೆ’ ಎಂಬುವು ಬೇರೆಯವರ ಕಾರಣಗಳು. ಅವರು ಕೇಳುವುದನ್ನು ಬಿಟ್ಟ ದಿನ ನಾವೂ ಬಿಡುತ್ತೇವೆ. ‘ಹತ್ತು ಕೆಜಿ ಇಳಿಯಬೇಕು’ ಎಂದುಕೊಂಡರೆ ಫಲ ಕಾಣಲು ತಿಂಗಳುಗಟ್ಟಲೆ ಕಾಯಬೇಕು. ದಿನನಿತ್ಯದ ಅನುಭವಕ್ಕೆ ಬರುವ ಕಾರಣ ಹುಡುಕಿ: ಎರಡನೇ ಮಹಡಿ ಹತ್ತುವಾಗ ಏದುಸಿರು ಬರಬಾರದು, ಊಟದ ನಂತರ ಆಫೀಸಿನಲ್ಲಿ ತೂಕಡಿಸಬಾರದು, ಚಕ್ಕಳಮಕ್ಕಳ ಹಾಕಿ ಕೂತವರು ಕೈಯೂರದೆ ಏಳಬೇಕು. ಅದನ್ನು ಒಂದೇ ಸಾಲಿನಲ್ಲಿ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿ.

2. ಇಂದಿನ ಲೆಕ್ಕ ತಿಳಿದುಕೊಳ್ಳಿ

ಬಿಪಿ, ಶುಗರ್, ಸೊಂಟದ ಸುತ್ತಳತೆ ನೋಡಿಸಿಕೊಳ್ಳಿ. 30 ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ. ಭಾರತೀಯರಲ್ಲಿ ಗಂಡಸರ ಸೊಂಟ 90 ಸೆಂ.ಮೀ., ಹೆಂಗಸರ ಸೊಂಟ 80 ಸೆಂ.ಮೀ. ದಾಟಿದರೆ ಎಚ್ಚರ ವಹಿಸಬೇಕು.

ಇಷ್ಟು ವರ್ಷದ ಮೇಲೆ ಏನು ಪ್ರಯೋಜನ ಎನ್ನುವವರು ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ತಂಡ ನಡೆಸಿದ ಅಧ್ಯಯನ ಗಮನಿಸಬೇಕು. 2006ರಲ್ಲಿ ಪ್ರಕಟವಾದ ಇದರಲ್ಲಿದ್ದ 531 ಮಂದಿ 35ರಿಂದ 55 ವರ್ಷದವರು, ಎಲ್ಲರೂ ಮಧುಮೇಹದ ಅಂಚಿನಲ್ಲಿದ್ದವರು. ಮೂರು ವರ್ಷಗಳಲ್ಲಿ, ಮಾಮೂಲಿ ಸಲಹೆಯಷ್ಟೇ ಪಡೆದ ಗುಂಪಿನಲ್ಲಿ ನೂರಕ್ಕೆ 55 ಮಂದಿಗೆ ಮಧುಮೇಹ ಬಂತು. ಊಟ, ನಡಿಗೆ ಬದಲಿಸಿಕೊಳ್ಳಲು ನೆರವು ಪಡೆದವರಲ್ಲಿ ಅದು 39ಕ್ಕೆ ಇಳಿಯಿತು.

3. ಒಂದೇ ಬದಲಾವಣೆ, ಅದೂ ಚಿಕ್ಕದು

ಅನ್ನ ಬಿಡುವುದು, ಸಕ್ಕರೆ ಬಿಡುವುದು, ಜಿಮ್ ಸೇರುವುದು ಎಲ್ಲವನ್ನೂ ಒಂದೇ ಸೋಮವಾರ ಶುರು ಮಾಡಬೇಡಿ. ಹತ್ತು ನಿಮಿಷದ ನಡಿಗೆ ಸಾಕು. ಹೇಳಿದ್ದನ್ನು ಮಾಡಿದೆ ಎಂಬ ಸಮಾಧಾನವೇ ನಾಳೆಯ ಹುರುಪು. ಮುಟ್ಟಬೇಕಾದ ಗುರಿ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಲ್ಲಿಗೆ ನಿಧಾನವಾಗಿ ತಲುಪಿದರಾಯಿತು. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದೂ ಸ್ನಾಯುಗಳಿಗೆ ಒಳ್ಳೆಯ ಆರಂಭ.

4. ಯಾವುದರ ಬೆನ್ನಿಗೆ ಎಂದು ಗೊತ್ತು ಮಾಡಿ

‘ಟೈಮ್ ಸಿಕ್ಕಾಗ ನಡೆಯುತ್ತೇನೆ’ ಎಂದವರಿಗೆ ಟೈಮ್ ಸಿಗುವುದೇ ಇಲ್ಲ. ದಿನವೂ ತಪ್ಪದೆ ನಡೆಯುವ ಕೆಲಸವೊಂದಕ್ಕೆ ಹೊಸ ಅಭ್ಯಾಸವನ್ನು ಜೋಡಿಸಿ: ‘ಬೆಳಗಿನ ಕಾಫಿ ಲೋಟ ಕೆಳಗಿಟ್ಟ ಕೂಡಲೇ ಚಪ್ಪಲಿ ಮೆಟ್ಟುತ್ತೇನೆ’, ‘ರಾತ್ರಿ ಊಟವಾದ ಮೇಲೆ ಎರಡು ಸುತ್ತು ಹಾಕಿ ಬಂದೇ ಟಿವಿ ಹಾಕುತ್ತೇನೆ’. ‘ಮಳೆ ಬಂದರೆ ಮನೆಯೊಳಗೇ ನಡೆಯುತ್ತೇನೆ’ ಎಂದು ಅಡ್ಡಿಗೂ ಮೊದಲೇ ಉತ್ತರ ಇಟ್ಟುಕೊಳ್ಳಿ.

5. ಅಡುಗೆಮನೆಯಲ್ಲೇ ಪರಿಹಾರ

ತಟ್ಟೆಯ ಮುಂದೆ ಕೂತು ಆಸೆ ತಡೆಯುವುದು ಕಷ್ಟ, ಅಳತೆಯಲ್ಲೇ ಕಡಿಮೆ ಮಾಡುವುದು ಸುಲಭ. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಕೂರುವ ಗೃಹಿಣಿ, ಪಾತ್ರೆಯ ತಳದಲ್ಲಿ ಉಳಿದ ಅನ್ನವನ್ನು ‘ಚೆಲ್ಲುವುದೇಕೆ’ ಎಂದು ತನ್ನ ತಟ್ಟೆಗೇ ಹಾಕಿಕೊಳ್ಳುತ್ತಾಳೆ. ಅಕ್ಕಿಯನ್ನೇ ಅರ್ಧ ಪಾವು ಕಡಿಮೆ ಇಟ್ಟು, ಹುರುಳಿಕಾಯಿ ಪಲ್ಯ, ಹೆಸರುಬೇಳೆ ಕೋಸಂಬರಿ, ಮೊಳಕೆಕಾಳಿನ ಸಾರು ಹೆಚ್ಚಿಸಿ. ನಿಪ್ಪಟ್ಟು, ಮಿಕ್ಸ್ಚರ್ ಡಬ್ಬಿ ಕೈಗೆ ಸುಲಭವಾಗಿ ಸಿಗದ ಕಡೆ ಇರಲಿ. ಸಂಜೆ ಟೀ ಹೊತ್ತಿಗೆ ಹುರಿಗಡಲೆಯೋ ಸೀಬೆಹಣ್ಣೋ ಎದುರಿಗಿರಲಿ.

6. ಜೊತೆಗಾರರನ್ನು ಹುಡುಕಿ

ಗೇಟಿನ ಬಳಿ ‘ಬಂದ್ರಾ ಸಾರ್?’ ಎಂದು ಪಕ್ಕದ ಮನೆಯವರು ಕಾಯುತ್ತಿದ್ದರೆ ಅಲಾರಂ ಬೇಕಿಲ್ಲ. ಮನೆಯವರೂ ಕಾವಲುಗಾರರಾಗುವ ಬದಲು ಪಾಲುದಾರರಾಗಲಿ. ಅಪ್ಪನಿಗೊಬ್ಬರಿಗೇ ‘ಪಥ್ಯ’ದ ತಟ್ಟೆ ಬೇಡ, ಎಲ್ಲರಿಗೂ ಒಂದೇ ಅಡುಗೆ ಇರಲಿ. ಹೆಂಗಸರಿಗೆ ನಡಿಗೆಯ ಅರ್ಧ ಗಂಟೆ ಬಿಡುವು ಬೇಕಾದರೆ ಆ ಹೊತ್ತಿನ ಮನೆಗೆಲಸವನ್ನು ಬೇರೆಯವರು ವಹಿಸಿಕೊಳ್ಳಲೇಬೇಕು.

7. ತಪ್ಪಿದರೆ ಮರುದಿನವೇ ಹಿಂತಿರುಗಿ

ಮದುವೆ, ಹಬ್ಬ, ನೆಗಡಿ ಬಂದಾಗ ತಪ್ಪುವುದು ಸಹಜ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ತಂಡದ ಅಧ್ಯಯನದ ಪ್ರಕಾರ ಹೊಸ ಅಭ್ಯಾಸ ಮೈಗೂಡಲು ಸರಾಸರಿ 66 ದಿನ ಬೇಕು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನವೂ ಬೇಕಾಗಬಹುದು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೆಡುವುದಿಲ್ಲ ಎಂಬುದೂ ಅದರಲ್ಲೇ ತಿಳಿದುಬಂತು. ಹಾಗಾಗಿ ‘ಎಲ್ಲಾ ಹಾಳಾಯ್ತು’ ಎಂದು ಕೈಚೆಲ್ಲಬೇಡಿ.

ಗಮನಿಸಿ

ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಗ್ಗಿಸುವ ಮೊದಲು ವೈದ್ಯರನ್ನು ಕೇಳಬೇಕು; ಶುಗರ್ ಏಕಾಏಕಿ ಇಳಿಯುವ ಅಪಾಯವಿದೆ. ನಡೆಯುವಾಗ ಎದೆನೋವು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿಸಿ, ತಡಮಾಡದೆ ವೈದ್ಯರ ಬಳಿ ಹೋಗಿ. ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.

ಇಂದು ಮಾಡಬೇಕಾದ್ದು ಎರಡೇ ಕೆಲಸ: ನಿಮ್ಮ ಕಾರಣವನ್ನು ಒಂದು ಸಾಲಿನಲ್ಲಿ ಬರೆಯುವುದು, ನಾಳೆ ಎಷ್ಟು ಹೊತ್ತಿಗೆ ಹೊರಡುತ್ತೀರಿ ಎಂದು ಒಬ್ಬರಿಗೆ ಹೇಳುವುದು. ಊಟದ ಬದಲಾವಣೆ ನಡಿಗೆ ರೂಢಿಯಾದ ಮೇಲೆ ಬರಲಿ.