ಅಪಾಯದ ನಕ್ಷೆ: ಕೂಡಿಸಬೇಕೇ, ಗುಣಿಸಬೇಕೇ?

ಅಭ್ಯಾಸ ಬೋಧನೆಯ ಮೂರನೇ ವಾರ ಒಂಬತ್ತನೇ ತರಗತಿಗೆ ರೋಗ ಮತ್ತು ಪರಿಸರದ ಸಂಬಂಧವನ್ನು ಬೋಧಿಸಬೇಕಿತ್ತು. ಡೆಂಗಿ ಮಕ್ಕಳಿಗೆ ಗೊತ್ತಿದ್ದ ವಿಷಯ. ಸೊಳ್ಳೆಯಿಂದ ಜಾನುವಾರುಗಳಿಗೂ ವೈರಸ್ ರೋಗ ಬರುತ್ತದೆ, ಅದರ ಅಪಾಯವನ್ನು ಮೊದಲೇ ನಕ್ಷೆಯಲ್ಲಿ ಗುರುತಿಸಬಹುದು ಎಂದು ತೋರಿಸಲು ಆಫ್ರಿಕಾದ ರಿಫ್ಟ್ ವ್ಯಾಲಿ ಜ್ವರವನ್ನು ಆರಿಸಿಕೊಂಡೆ.

ವಿಷಯದ ಹಿನ್ನೆಲೆ

ಈ ವೈರಸ್ಸನ್ನು 1930ರ ದಶಕದ ಆರಂಭದಲ್ಲಿ ಕೀನ್ಯಾದ ರಿಫ್ಟ್ ಕಣಿವೆಯ ಕುರಿಗಳಲ್ಲಿ ಗುರುತಿಸಲಾಯಿತು. ರೋಗ ತಗುಲಿದ ಹಿಂಡಿನಲ್ಲಿ ಗಬ್ಬದ ಕುರಿಗಳು ಒಟ್ಟೊಟ್ಟಿಗೆ ಕಂದು ಹಾಕುತ್ತವೆ, ಮರಿಗಳು ಸಾಯುತ್ತವೆ. ಅಲ್ಲಿನ ಹುಲ್ಲುಗಾವಲಿನ ತಗ್ಗುಗಳ ಮಣ್ಣಿನಲ್ಲಿ ಈಡಿಸ್ ಸೊಳ್ಳೆಯ ಮೊಟ್ಟೆಗಳು ವರ್ಷಗಟ್ಟಲೆ ಒಣಗಿಯೂ ಬದುಕಿರುತ್ತವೆ. ಕೆಲವು ಮೊಟ್ಟೆಗಳಲ್ಲಿ ತಾಯಿಯಿಂದ ಬಂದ ವೈರಸ್ಸೂ ಇರುತ್ತದೆ. ಭಾರೀ ಮಳೆಯಾಗಿ ತಗ್ಗು ತುಂಬಿದರೆ ಅವು ಒಡೆಯುತ್ತವೆ. ನೀರು ವಾರಗಟ್ಟಲೆ ನಿಂತರೆ ಕ್ಯೂಲೆಕ್ಸ್ ಸೊಳ್ಳೆಗಳೂ ಹೆಚ್ಚಿ ರೋಗವನ್ನು ಹರಡುತ್ತವೆ.

ಆದ್ದರಿಂದ ವಿಜ್ಞಾನಿಗಳು ಸಾಗರದ ಉಷ್ಣತೆ, ಮಳೆ, ಉಪಗ್ರಹಕ್ಕೆ ಕಾಣುವ ನೆಲದ ಹಸಿರು ಇವನ್ನು ಗಮನಿಸುತ್ತಾರೆ. 2006ರಲ್ಲಿ ಹೀಗೆ ಪೂರ್ವ ಆಫ್ರಿಕಾಕ್ಕೆ ಮುನ್ನೆಚ್ಚರಿಕೆ ನೀಡಲಾಗಿತ್ತು. ಡಿಸೆಂಬರ್‌ನಲ್ಲಿ ಕೀನ್ಯಾದ ಗರಿಸ್ಸಾ ಪ್ರದೇಶದಲ್ಲಿ ರೋಗ ಕಾಣಿಸಿತು. ಲಸಿಕೆ ಹಾಕುವುದಿದ್ದರೆ ರೋಗ ಹರಡುವ ಮೊದಲೇ ಹಾಕಬೇಕು. ನಂತರ ಒಂದೇ ಸೂಜಿಯಿಂದ ಹಲವು ಪ್ರಾಣಿಗಳಿಗೆ ಚುಚ್ಚಿದರೆ ಸೂಜಿಯೇ ರೋಗವನ್ನು ದಾಟಿಸಬಹುದು.

ಪಾಠ ನಡೆದ ಬಗೆ

16 ಚೌಕಗಳ ಒಂದು ಕಾಲ್ಪನಿಕ ಪ್ರದೇಶವನ್ನು ಬರೆದು, ಅದರ ಮೇಲಿಡಲು ಮೂರು ಟ್ರೇಸಿಂಗ್ ಹಾಳೆ ಸಿದ್ಧಪಡಿಸಿದ್ದೆ: ಮಳೆ, ನೀರು ನಿಲ್ಲುವ ತಗ್ಗು, ಜಾನುವಾರು. ಪ್ರತಿ ಚೌಕಕ್ಕೂ 0, 1 ಅಥವಾ 2 ಅಂಕ. ಮೂರನ್ನೂ ಕೂಡಿಸಿ, ಹೆಚ್ಚು ಬಂದ ಚೌಕಕ್ಕೆ ಕೆಂಪು ಬಳಿಯಲು ಹೇಳಿದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಮಿಸ್, ಇದು ಕಲ್ಲುಗುಡ್ಡ. ತಗ್ಗಿಗೆ ಸೊನ್ನೆ. ಆದ್ರೂ ನಾಲ್ಕು ಬಂತು. ನೀರೇ ನಿಲ್ಲದ ಕಡೆ ಸೊಳ್ಳೆ ಎಲ್ಲಿಂದ ಬರುತ್ತೆ?”

ಅಲ್ಲಿ ಮಳೆಗೆ 2, ಜಾನುವಾರಿಗೆ 2. ಪಕ್ಕದ ಚೌಕದಲ್ಲಿ ಮೂರಕ್ಕೂ ಒಂದೊಂದು ಅಂಕವಿದ್ದು ಮೊತ್ತ 3 ಮಾತ್ರ. ನನಗೆ ಉತ್ತರ ಹೊಳೆಯಲಿಲ್ಲ. “ಸೂತ್ರ ಹಾಗಿದೆ, ಕೂತ್ಕೋ” ಎಂದುಬಿಟ್ಟೆ. ಅವಳು ಕೂತಳು, ಆದರೆ ಕೆಂಪು ಬಳಿಯಲಿಲ್ಲ. ವೀಕ್ಷಿಸುತ್ತಿದ್ದ ಮಾರ್ಗದರ್ಶಕ ಅಧ್ಯಾಪಕರು ನನ್ನ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: “ಆ ಹುಡುಗಿಯ ಪ್ರಶ್ನೆಗೆ ನಾಳೆ ಉತ್ತರಿಸಿ.”

ತಿದ್ದುಪಡಿ

ಮರುದಿನ ತರಗತಿಯ ಮುಂದೆ ತಪ್ಪು ಒಪ್ಪಿಕೊಂಡು, ಅಂಕಗಳನ್ನು ಗುಣಿಸಲು ಹೇಳಿದೆ. ಕಲ್ಲುಗುಡ್ಡಕ್ಕೆ 2×0×2, ಅಂದರೆ 0. ಪಕ್ಕದ ಚೌಕಕ್ಕೆ 1. ಮೂರೂ 2 ಇರುವಲ್ಲಿ 8. ಮಳೆ, ತಗ್ಗು, ಜಾನುವಾರು ಮೂರೂ ಒಂದೆಡೆ ಸೇರಿದರೆ ಮಾತ್ರ ಅಪಾಯ ಎಂಬುದನ್ನು ಮಕ್ಕಳೇ ಹೇಳಿದರು. ಹಿಂದಿನ ದಿನ ನಿಂತವಳನ್ನೇ ಕರೆದು ಕಪ್ಪುಹಲಗೆಯ ಮೇಲೆ ಲೆಕ್ಕ ಮಾಡಿಸಿದೆ.

ಆಗ ಕುರಿಗಾರರ ಮನೆಯ ಹುಡುಗ ಕೇಳಿದ: “ನಮ್ಮ ಕುರಿ ಒಂದು ಊರಲ್ಲಿ ನಿಲ್ಲಲ್ಲ ಮಿಸ್. ಅವನ್ನ ಯಾವ ಚೌಕದಾಗೆ ಹಾಕ್ತೀರಿ?” ಈ ಸಲ ಕೂರಿಸಲಿಲ್ಲ. ಸೊನ್ನೆ ಬಂದ ಚೌಕಕ್ಕೂ ಸೋಂಕು ತಗುಲಿದ ಪ್ರಾಣಿ ನಡೆದು ಬರಬಹುದು, ವ್ಯಾಪಾರದಲ್ಲಿ ಬರಬಹುದು ಎಂದು ಚರ್ಚಿಸಿದೆವು. 2000ದಲ್ಲಿ ಈ ಜ್ವರ ಮೊದಲ ಬಾರಿಗೆ ಆಫ್ರಿಕಾ ಖಂಡದ ಹೊರಗೆ, ಸೌದಿ ಅರೇಬಿಯಾ ಮತ್ತು ಯೆಮನ್‌ಗಳಲ್ಲಿ ಕಾಣಿಸಿದ್ದನ್ನು ತಿಳಿಸಿದೆ. ‘ಪ್ರಾಣಿಗಳ ಓಡಾಟ’ ಎಂಬ ನಾಲ್ಕನೇ ಹಾಳೆಯನ್ನು ಆ ಹುಡುಗನೇ ಬರೆದ. ಅದರಲ್ಲಿ ಅಂಕಗಳಿರಲಿಲ್ಲ, ಬಾಣದ ಗುರುತುಗಳಿದ್ದವು.

ಮರುಚಿಂತನೆ

ಪಾಠಯೋಜನೆಯಲ್ಲಿ ‘ನಿರೀಕ್ಷಿತ ಉತ್ತರ’ದ ಕಾಲಂ ತುಂಬಿದ್ದೆ, ಆದರೆ ನನ್ನ ಸೂತ್ರವನ್ನು ಒಂದು ಚೌಕದ ಮೇಲೂ ಪರೀಕ್ಷಿಸಿರಲಿಲ್ಲ. ಈ ಚಟುವಟಿಕೆ ಮಾಡುವವರು ಸೊನ್ನೆ ಇರುವ ಒಂದು ಚೌಕವನ್ನು ಬೇಕೆಂದೇ ಇಟ್ಟು, ಮೊದಲು ಕೂಡಿಸಲು ಬಿಡಿ. ತಪ್ಪನ್ನು ಮಕ್ಕಳೇ ಹಿಡಿಯಲಿ. ಅವಧಿ ಒಂದು ಸಾಲದು, ಎರಡು ಬೇಕು.