ಜಪಾನಿನ ಗುಪ್ತ ಕ್ರೈಸ್ತರು

ಇತಿಹಾಸವನ್ನು ಅಭ್ಯಾಸಮಾಡುವಾಗ ಅರಸರ ಹೆಸರುಗಳೂ ಯುದ್ಧದ ಇಸವಿಗಳೂ ಬಾಯಿಪಾಠವಾಗುತ್ತವೆ. ರಾಜಾಜ್ಞೆಯ ಅಡಿಯಲ್ಲಿ ಬಾಳಿದ ಬಡವನ ಮನಸ್ಸು ಕಾಣುವುದು ಅಪರೂಪ. ಜಪಾನಿನ ಕ್ರೈಸ್ತರ ವೃತ್ತಾಂತವನ್ನು ಓದಿದಾಗ ಅಂಥ ಮನಸ್ಸು ನನಗೆ ಕಂಡಿತು.

1549ರಲ್ಲಿ ಫ್ರಾನ್ಸಿಸ್ ಝೇವಿಯರನು ಕಾಗೊಷಿಮಾದಲ್ಲಿ ಇಳಿದನು. ಗೋವೆಯಲ್ಲಿ ಯಾರ ದೇಹವನ್ನು ಇರಿಸಿದ್ದಾರೆಯೋ ಅವನೇ ಈತ. ಮೊದಮೊದಲು ಪಶ್ಚಿಮ ಭಾಗದ ಕೆಲವು ಪಾಳೆಯಗಾರರು ವ್ಯಾಪಾರದ ಆಸೆಯಿಂದಲೋ ಶ್ರದ್ಧೆಯಿಂದಲೋ ಹೊಸ ಮತವನ್ನು ಸ್ವಾಗತಿಸಿದರು. ಆದರೆ ಪಾದ್ರಿಯ ಹಿಂದೆ ಪರದೇಶದ ಸೈನ್ಯವೂ ಬಂದೀತೆಂಬ ಶಂಕೆ ಆಳುವವರಲ್ಲಿ ಬೆಳೆಯಿತು. ಫಿಲಿಪೈನ್ಸನ್ನು ಸ್ಪೇನ್ ಆಕ್ರಮಿಸಿದ್ದ ಕಾಲವದು. ಶಂಕೆ ಕೇವಲ ನಿರಾಧಾರವೆನ್ನಲಾಗದು. ಆದರೆ ದಂಡನೆ ಬಿದ್ದುದು ಯಾರ ಮೇಲೆ? 1597ರ ಫೆಬ್ರವರಿ 5ರಂದು ಹಿದೆಯೋಷಿಯ ಆಜ್ಞೆಯಂತೆ ನಾಗಾಸಾಕಿಯಲ್ಲಿ 26 ಮಂದಿಯನ್ನು ಶಿಲುಬೆಗೇರಿಸಿದರು. ಅವರಲ್ಲಿ 20 ಮಂದಿ ಜಪಾನೀಯರೇ. ನಮ್ಮ ದೇಶದ ವಸಯಿಯಲ್ಲಿ ಹುಟ್ಟಿದ ಗೊನ್ಸಾಲೊ ಗಾರ್ಸಿಯಾನೂ ಹನ್ನೆರಡು ವರ್ಷದ ಬಾಲಕನೊಬ್ಬನೂ ಆ ಗುಂಪಿನಲ್ಲಿದ್ದರು.

1614ರಲ್ಲಿ ತೊಕುಗಾವಾ ಸರ್ಕಾರವು ಕ್ರೈಸ್ತಮತವನ್ನು ದೇಶದಾದ್ಯಂತ ನಿಷೇಧಿಸಿತು. ಸುಳಿವು ಕೊಟ್ಟವರಿಗೆ ಬೆಳ್ಳಿಯ ಬಹುಮಾನ. ಪ್ರತಿ ಕುಟುಂಬವೂ ಬೌದ್ಧ ದೇವಾಲಯದಲ್ಲಿ ಹೆಸರು ಬರೆಸಬೇಕು. ನಾಗಾಸಾಕಿಯ ಸುತ್ತಮುತ್ತ ಇನ್ನೊಂದು ಪರೀಕ್ಷೆಯಿತ್ತು. ಕ್ರಿಸ್ತನ ಅಥವಾ ಮೇರಿಯ ಚಿತ್ರವನ್ನು ನೆಲದ ಮೇಲಿಟ್ಟು ಜನರಿಂದ ತುಳಿಸುತ್ತಿದ್ದರು. ಇದಕ್ಕೆ ‘ಫುಮಿ-ಎ’ ಎಂದು ಹೆಸರು. ತುಳಿಯಲೊಲ್ಲದವನಿಗೆ ಸೆರೆ, ಚಿತ್ರಹಿಂಸೆ, ಮರಣ.

ಅನೇಕರು ತುಳಿದರು. ತುಳಿದು ಮನೆಗೆ ಬಂದು, ಬಾಗಿಲು ಮುಚ್ಚಿ, ಪಶ್ಚಾತ್ತಾಪದ ಪ್ರಾರ್ಥನೆ ಹೇಳಿಕೊಂಡರು. ಅವರನ್ನು ಹೇಡಿಗಳೆನ್ನೋಣವೇ? ಮೊದಲು ನಾನೂ ಹಾಗೆಯೇ ಭಾವಿಸಿದೆ. ಮಡದಿ ಮಕ್ಕಳೊಡನೆ ಆ ಸಾಲಿನಲ್ಲಿ ನಿಂತವನು ನಾನೇ ಆಗಿದ್ದರೆ ಏನು ಮಾಡುತ್ತಿದ್ದೆನೆಂದು ಕೇಳಿಕೊಂಡಾಗ ಉತ್ತರ ಹೊರಡಲಿಲ್ಲ. ದೋಷ ತುಳಿದ ಕಾಲಿನದಲ್ಲ, ತುಳಿಸಿದ ಆಜ್ಞೆಯದು.

ಪಾದ್ರಿಗಳಿಲ್ಲದೆ, ಗ್ರಂಥಗಳಿಲ್ಲದೆ ಆ ರೈತರೂ ಬೆಸ್ತರೂ ಏಳೆಂಟು ತಲೆಮಾರು ಕಳೆದರು. ಹಿರಿಯನೊಬ್ಬನು ಶಿಶುಗಳಿಗೆ ದೀಕ್ಷಾಸ್ನಾನ ಮಾಡಿಸುವನು. ಇನ್ನೊಬ್ಬನು ಹಬ್ಬಗಳ ದಿನಗಳನ್ನು ಲೆಕ್ಕವಿಡುವನು. ಬೌದ್ಧರ ಕರುಣಾದೇವತೆ ಕನ್ನೋನಳ ವಿಗ್ರಹದಲ್ಲಿ ಅವರು ಮೇರಿಯನ್ನು ಕಂಡರು. 1865ರ ಮಾರ್ಚ್ 17ರಂದು ನಾಗಾಸಾಕಿಯ ಓಉರಾ ಇಗರ್ಜಿಗೆ ಉರಕಾಮಿ ಗ್ರಾಮದ ಕೆಲವರು ಬಂದು, ತಮ್ಮ ಮನಸ್ಸೂ ತಮ್ಮ ಮನಸ್ಸಿನಂತೆಯೇ ಎಂದು ಫ್ರೆಂಚ್ ಪಾದ್ರಿ ಪೆಟಿಜಾನರಿಗೆ ಮೆಲ್ಲನೆ ತಿಳಿಸಿದರು. ಎರಡು ಶತಮಾನಗಳ ಗುಟ್ಟು ಅಂದು ಹೊರಬಿತ್ತು.

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಹೊಸ ಮೇಜಿ ಸರ್ಕಾರವೂ ಉರಕಾಮಿಯ 3,000ಕ್ಕೂ ಹೆಚ್ಚು ಜನರನ್ನು ಗಡೀಪಾರು ಮಾಡಿತು. 600ಕ್ಕೂ ಹೆಚ್ಚು ಮಂದಿ ಸತ್ತರು. ಪಾಶ್ಚಾತ್ಯ ರಾಷ್ಟ್ರಗಳ ಪ್ರತಿಭಟನೆಯ ತರುವಾಯ 1873ರಲ್ಲಿ ನಿಷೇಧದ ಫಲಕಗಳು ಇಳಿದವು. ಉಳಿದವರು ಊರಿಗೆ ಮರಳಿ, ಹಿಂದೆ ಚಿತ್ರ ತುಳಿಸುತ್ತಿದ್ದ ಗ್ರಾಮಾಧಿಕಾರಿಯ ನಿವೇಶನದಲ್ಲಿಯೇ ಇಗರ್ಜಿ ಕಟ್ಟಿದರು. 1945ರ ಆಗಸ್ಟ್ 9ರಂದು ಅಮೆರಿಕದ ಅಣುಬಾಂಬು ಅದನ್ನು ಕೆಡವಿತು. ಅದನ್ನೂ ಅವರು ಮತ್ತೆ ಎತ್ತಿ ನಿಲ್ಲಿಸಿದರು. 2018ರಲ್ಲಿ ಆ ಪ್ರದೇಶದ ಗುಪ್ತ ಕ್ರೈಸ್ತರ ನೆಲೆಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಸಹಪಾಠಿಗಳೇ, ಬೇರೆ ದೇವರನ್ನು ನಂಬುವವನು ಬೇರೆ ದೇಶದವನೆಂಬ ಅನುಮಾನವೇ ಈ ಎಲ್ಲ ಹಿಂಸೆಯ ಬೇರು. ಅಧಿಕಾರವು ಕಾಲನ್ನು ಎಳೆದು ತುಳಿಸಬಲ್ಲದು. ಮುಚ್ಚಿದ ಬಾಗಿಲಿನ ಹಿಂದಿನ ಪ್ರಾರ್ಥನೆಯನ್ನು ಅದು ಮುಟ್ಟಲಾರದು.